ಆಸ್ಪತ್ರೆಯ ಕಿಟಕಿ

ರಾಯಾಪುರ ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ, ಹೆದ್ದಾರಿಯ ಮೇಲಿರುವ ನನ್ನ ಊರು. ಹುಬ್ಬಳ್ಳಿಯತ್ತ ಹೋದವರು ವ್ಯಾಪಾರಕ್ಕೋ ರೈಲಿಗೋ ಹೋದರೆಂದೂ, ಧಾರವಾಡದತ್ತ ಹೋದವರು ಓದುವುದಕ್ಕೋ ಹಾಡು ಕೇಳುವುದಕ್ಕೋ ಹೋದರೆಂದೂ ನಾವು ತಿಳಿಯುತ್ತಿದ್ದೆವು. ಆದರೆ ‘ಇವನ್ನ ಧಾರವಾಡಕ್ಕ ಕಳಸಬೇಕು’ ಎಂದು ಯಾರಾದರೂ ಅಂದರೆ ಅದರ ಅರ್ಥ ಬೇರೆ. 1845ರಲ್ಲಿ ಸ್ಥಾಪಿತವಾದ ಮನೋರೋಗಿಗಳ ಆಸ್ಪತ್ರೆ ಅಲ್ಲಿದೆ. ಇಂದು ಅದು ಡಿಮ್ಹಾನ್ಸ್ ಎಂಬ ಹೆಸರಿನ, ವೈದ್ಯರನ್ನು ತರಬೇತುಗೊಳಿಸುವ ಸಂಸ್ಥೆ. ಹೆಸರು ಬದಲಾಯಿತು, ಬೈಗುಳ ಬದಲಾಗಲಿಲ್ಲ.

ಆ ಬೈಗುಳಕ್ಕೆ ಅಂಜಿಯೇ ನಾವು ಒಂದು ತಪ್ಪು ಮಾಡಿದೆವು. ನನ್ನ ಅಣ್ಣ ಊರ ಭಜನಾ ಮೇಳದಲ್ಲಿ ಪೇಟಿ ಬಾರಿಸುತ್ತಿದ್ದ. ಒಂದು ಮಳೆಗಾಲದಲ್ಲಿ ನಿದ್ದೆ ಬಿಟ್ಟ. ಯಾರೋ ತನ್ನನ್ನು ಕಳ್ಳನೆಂದು ಕೂಗುತ್ತಿದ್ದಾರೆಂದು ಕಿವಿ ಮುಚ್ಚಿಕೊಂಡು ಕೂಡತೊಡಗಿದ. ಅರ್ಧ ಗಂಟೆಯ ಹಾದಿಯ ಧಾರವಾಡದಲ್ಲಿ ಗುರುತಿನವರು ನೋಡಿಯಾರೆಂದು, ಅವನನ್ನು ದೂರದ ಊರೊಂದರ ಆಸ್ಪತ್ರೆಗೆ ಸೇರಿಸಿದೆವು. ವೈದ್ಯರು ಒಳ್ಳೆಯವರು, ಔಷಧವೂ ಸರಿಯಾದುದೇ. ಆದರೆ ಕೋಣೆಯ ಕಿಟಕಿ ಆಳೆತ್ತರಕ್ಕಿಂತ ಮೇಲಿತ್ತು, ಅದಕ್ಕೆ ಸರಳು; ರಾತ್ರಿಯಿಡೀ ಒಂದು ದೀಪ ಉರಿಯುತ್ತಿತ್ತು. ‘ನಾ ಏನ್ ಕದ್ದೇನಿ, ಹೇಳು’ ಎಂದು ಅಣ್ಣ ನನ್ನನ್ನು ಕೇಳಿದ. ಅವನಿಗೆ ಕೇಳಿಸುತ್ತಿದ್ದ ದನಿಗಳು ಹೊರಿಸಿದ ಆರೋಪಕ್ಕೆ ಆ ಕೋಣೆಯೇ ಸಾಕ್ಷಿ ನುಡಿಯುತ್ತಿತ್ತು.

ಈ ಮಾತು ಹೊಸತಲ್ಲ. ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟಿಹಾಕುತ್ತಿದ್ದ ಕಾಲದಲ್ಲಿ, 1796ರಲ್ಲಿ, ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ವಿಲಿಯಂ ಟ್ಯೂಕ್ ಎಂಬ ಚಹಾ ವ್ಯಾಪಾರಿ ತೋಟದ ನಡುವೆ ಒಂದು ಆಶ್ರಯವನ್ನು ತೆರೆದ. ಅಂಗಳದಲ್ಲಿ ಮೊಲ, ಕೋಳಿಗಳನ್ನು ಬಿಟ್ಟಿದ್ದರು. ಮತ್ತೊಂದು ಜೀವವನ್ನು ನೋಡಿಕೊಳ್ಳುವ ಮನುಷ್ಯ ತನ್ನನ್ನೂ ನೋಡಿಕೊಂಡಾನೆಂಬುದು ಅವರ ನಂಬಿಕೆ.

ನಂಬಿಕೆಯನ್ನು ಅಳೆದು ನೋಡುವ ಕೆಲಸ ಬಹಳ ತಡವಾಗಿ ಆಯಿತು. ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾಗಿದೆ. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಆತ ಜೋಡಿ ಜೋಡಿಯಾಗಿ ಹೋಲಿಸಿದ. ಕಿಟಕಿಯಿಂದ ಮರಗಳು ಕಾಣುತ್ತಿದ್ದವರು, ಇಟ್ಟಿಗೆಯ ಗೋಡೆಯಷ್ಟೇ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು. ತೀವ್ರವಾದ ನೋವುಶಾಮಕಗಳೂ ಅವರಿಗೆ ಕಡಿಮೆ ಬೇಕಾದವು. ಅವರೇನೂ ಮನೋರೋಗಿಗಳಲ್ಲ, ಸಂಖ್ಯೆಯೂ ಚಿಕ್ಕದು. ಆದರೆ ಅದೇ ಉಲ್ರಿಚ್ ಮತ್ತು ಸಂಗಡಿಗರು 2018ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಮನೋರೋಗ ಚಿಕಿತ್ಸಾಲಯವೊಂದರ ವಿಷಯ ಬರೆದರು. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಹಗಲ ಬೆಳಕು, ತೋಟ ಇರುವ ಹೊಸ ಕಟ್ಟಡಕ್ಕೆ ಹೋದ ಮೇಲೆ, ರೋಗಿಗಳನ್ನು ಬಲವಂತವಾಗಿ ಕಟ್ಟಿಹಾಕಬೇಕಾದ ಪ್ರಸಂಗಗಳು ಕಡಿಮೆಯಾದವು. ಇಕ್ಕಟ್ಟು, ಗದ್ದಲ, ಏಕಾಂತದ ಅಭಾವ ಎಂಥವರನ್ನೂ ಕೆರಳಿಸುತ್ತವೆ. ಕೆರಳಿದುದನ್ನು ನಾವು ರೋಗದ ಲೆಕ್ಕಕ್ಕೆ ಬರೆಯುತ್ತೇವೆ.

ಇನ್ನು ಕಲೆಯ ವಿಚಾರ. ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ಲರು ಹಾಡಿದ ಈ ಸೀಮೆಯಲ್ಲಿ ಸಂಗೀತದ ಮಹಿಮೆಯನ್ನು ನಾನು ಹೇಳಬೇಕಾಗಿಲ್ಲ. ಹಾಗೆಂದು ಇಂಥ ರೋಗಕ್ಕೆ ಇಂಥ ರಾಗವೆಂದು ಪಟ್ಟಿ ಕೊಡುವವರನ್ನು ನಾನು ನಂಬುವವನೂ ಅಲ್ಲ. ಬ್ರಿಟನ್ನಿನಲ್ಲಿ ಸ್ಕಿಜೋಫ್ರೇನಿಯಾದಿಂದ ಬಳಲುವ 417 ಜನರನ್ನು ಕುರಿತ, 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವಾರಕ್ಕೊಮ್ಮೆಯ ಚಿತ್ರಕಲೆಯ ಗುಂಪುಗಳಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಹಲವರು ಆ ಗುಂಪುಗಳಿಗೆ ಹೋಗಲೇ ಇಲ್ಲ. ಬದಲಾಗಿ, ಸಂಗೀತ ಚಿಕಿತ್ಸೆಯ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2017ರ ಸಮೀಕ್ಷೆಯಲ್ಲಿ, ವಾಡಿಕೆಯ ಔಷಧೋಪಚಾರದ ಜೊತೆಗೆ, ಸಾಕಷ್ಟು ಬಾರಿ, ಬಲ್ಲವರ ಸಂಗಡ ನಡೆದಾಗ ಗುಣ ಕಂಡಿತ್ತು. ಅಂದಮೇಲೆ ಕಲೆಯನ್ನು ಗುಳಿಗೆಯಂತೆ ಹಂಚಲಾಗದು. ವರ್ಷಕ್ಕೊಮ್ಮೆ ಅತಿಥಿಗಳು ಬಂದು ಹಾಡಿ, ಬಾಳೆಹಣ್ಣು ಕೊಟ್ಟು ಹೋಗುವ ಕಾರ್ಯಕ್ರಮದಿಂದ ಆಗುವ ಲಾಭ ಹೆಚ್ಚಾಗಿ ಅತಿಥಿಗಳಿಗೇ.

ಅಣ್ಣನನ್ನು ಮುಂದೆ ಬೇರೊಂದು ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಅಂಗಳಕ್ಕೆ ತೆರೆದ ಕಿಟಕಿ, ಹೊರಗೆ ಒಂದು ಹುಣಸೆಮರ. ಮೂಲೆಯಲ್ಲಿ ಹಾಳುಬಿದ್ದ ಪೇಟಿಯೊಂದಿತ್ತು. ಆರೈಕೆಯ ಸಿಬ್ಬಂದಿಯೊಬ್ಬರು ಅದನ್ನು ಅವನ ಮುಂದಿಟ್ಟು, ‘ಇದರ ಎರಡು ಸ್ವರ ಬರೂದಿಲ್ಲ, ಏನಾಗೇದ ನೋಡ್ರಿ’ ಎಂದರಂತೆ. ಬಾರಿಸು ಎನ್ನಲಿಲ್ಲ. ಅಣ್ಣ ನಾಲ್ಕು ದಿನ ಅದನ್ನು ಬಿಚ್ಚಿ, ಹಿತ್ತಾಳೆಯ ರೀಡುಗಳ ಧೂಳು ಒರೆಸಿ, ಹರಿದ ತಿದಿಗೆ ಕಾಗದ ಅಂಟಿಸಿದ. ಐದನೆಯ ದಿನ ನಾನು ಹೋದಾಗ ನನ್ನನ್ನು ಕೇಳಿದ್ದು ಕಳವಿನ ಮಾತನ್ನಲ್ಲ. ಗೋಂದು ತಂದಿದ್ದೀಯಾ ಎಂದು. ದನಿಗಳನ್ನು ಅಡಗಿಸಿದ್ದು ಮಾತ್ರೆಗಳೇ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅವು ಅಡಗಿದ ಮೇಲೆ ಉಳಿಯುವ ಬರಿದಾದ ಹೊತ್ತನ್ನು ಮಾತ್ರೆಗಳು ತುಂಬುವುದಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸರಪಳಿಯನ್ನು ನಿಷೇಧಿಸಿದೆ. ಶುಚಿಯಾದ, ಸುರಕ್ಷಿತವಾದ ವಾತಾವರಣ, ಏಕಾಂತ, ವಿರಾಮ ಹಾಗೂ ಮನರಂಜನೆಯ ಸೌಕರ್ಯ, ಇವು ರೋಗಿಯ ಹಕ್ಕುಗಳೆಂದು ಬರೆದಿದೆ. ಬಲವಂತದ ದುಡಿಮೆ ಕೂಡದೆಂದೂ ಹೇಳಿದೆ. ಇದು ಮುಖ್ಯ, ಏಕೆಂದರೆ ತೋಟಗೆಲಸವೆಂಬ ಹೆಸರಿನಲ್ಲಿ ಪುಕ್ಕಟೆ ಚಾಕರಿ ಮಾಡಿಸುವುದು ಕಷ್ಟವಲ್ಲ.

ಅಣ್ಣ ಈಗ ಔಷಧಕ್ಕೆ ಧಾರವಾಡಕ್ಕೇ ಹೋಗುತ್ತಾನೆ. ಎರಡು ಸಲ ಮಾತ್ರೆ ಬಿಟ್ಟ, ಎರಡು ಸಲವೂ ಕಾಯಿಲೆ ಮರಳಿತು, ಈಗ ಬಿಡುವುದಿಲ್ಲ. ಸಂಜೆ ಪೇಟಿ ಹಿಡಿದು ಕೂಡುತ್ತಾನೆ. ಶ್ರಾವಣದ ಭಜನೆಗೆ ಅವನನ್ನು ಕರೆಯುವ ಮನೆಗಳು ಮೊದಲಿನಷ್ಟಿಲ್ಲ. ಕಳೆದ ವರ್ಷ ಮೂರು ಮನೆಯವರು ಕರೆದಿದ್ದರು.