ಹಳೆಯ ನಾಟಕಕ್ಕೆ ಹೊಸ ಮಾತು: ರನ್ನನನ್ನು ಇಂದಿನ ಓದುಗನಿಗೆ ತಲುಪಿಸುವ ದಾರಿ

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಪ್ರೌಢಶಾಲೆ ಹಾಗೂ ಪದವಿಪೂರ್ವ ತರಗತಿಗಳಲ್ಲಿ ಹಳಗನ್ನಡದ ಪಾಠ ಆರಂಭವಾದಾಗ ವಿಚಿತ್ರ ಸನ್ನಿವೇಶವೊಂದು ಎದುರಾಗುತ್ತದೆ. ಲಿಪಿ ಕನ್ನಡದ್ದೇ, ಕಥೆ ಮನೆಮಂದಿಗೆಲ್ಲ ತಿಳಿದ ಮಹಾಭಾರತದ್ದೇ, ಕವಿಯೂ ಆಸುಪಾಸಿನ ಸೀಮೆಯವನೇ. ಆದರೂ ವಿದ್ಯಾರ್ಥಿ ಪರಭಾಷೆಯೊಂದರ ಮುಂದೆ ಕುಳಿತವನಂತೆ ತಡವರಿಸುತ್ತಾನೆ. ಪರೀಕ್ಷೆ ಸಮೀಪಿಸಿದಾಗ ಅವನ ನೆರವಿಗೆ ಬರುವುದು ಗೈಡಿನಲ್ಲಿರುವ ಸಾರಾಂಶ. ಅದನ್ನು ಕಂಠಪಾಠ ಮಾಡಿದರೆ ಅಂಕಗಳು ದೊರೆಯುತ್ತವೆ; ಮೂಲ ಪದ್ಯವನ್ನು ಒಮ್ಮೆಯೂ ಗಟ್ಟಿಯಾಗಿ ಓದದೆ ಉತ್ತೀರ್ಣನಾಗಲು ಯಾವ ಅಡ್ಡಿಯೂ ಇಲ್ಲ.

ಇದು ಕನ್ನಡಕ್ಕೆ ಮಾತ್ರ ಬಂದ ಕಷ್ಟವಲ್ಲ. ನಾನೂರು ವರ್ಷ ಹಳೆಯದಾದ ಶೇಕ್ಸ್‌ಪಿಯರನ ಭಾಷೆ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೂ ಕಠಿಣವೇ. 2003ರಲ್ಲಿ ಅಮೆರಿಕದ ಪ್ರಕಾಶಕರು ‘ನೋ ಫಿಯರ್ ಶೇಕ್ಸ್‌ಪಿಯರ್’ ಎಂಬ ಮಾಲೆಯನ್ನು ಹೊರತಂದು, ಒಂದು ಪುಟದಲ್ಲಿ ಮೂಲವನ್ನೂ ಎದುರು ಪುಟದಲ್ಲಿ ಇಂದಿನ ಇಂಗ್ಲಿಷಿನ ರೂಪವನ್ನೂ ಮುದ್ರಿಸಿದರು. 2015ರಲ್ಲಿ ಆರೆಗಾನ್ ಶೇಕ್ಸ್‌ಪಿಯರ್ ಉತ್ಸವವು 36 ಮಂದಿ ನಾಟಕಕಾರರಿಗೆ 39 ನಾಟಕಗಳನ್ನು ಆಧುನಿಕ ಇಂಗ್ಲಿಷಿಗೆ ತರುವ ಹೊಣೆ ವಹಿಸಿದಾಗ ವಿದ್ವಾಂಸರ ವಲಯದಲ್ಲಿ ಸಾಕಷ್ಟು ವಿರೋಧ ವ್ಯಕ್ತವಾಯಿತು. ಕವಿಯ ಮಾತನ್ನೇ ತೆಗೆದ ಮೇಲೆ ಉಳಿಯುವುದೇನು ಎಂಬುದು ಆಕ್ಷೇಪಣೆಯ ತಿರುಳು. ಇದೇ ಪ್ರಶ್ನೆಯನ್ನು ಕನ್ನಡ ನಾಡು, ಅದರಲ್ಲಿಯೂ ಧಾರವಾಡ-ಗದಗ ಸೀಮೆ, ಬಹಳ ಹಿಂದೆಯೇ ಎದುರಿಸಿದೆ.

ಸಂಸ್ಕೃತ ನಾಟಕಗಳಲ್ಲಿ ಎಲ್ಲರೂ ಸಂಸ್ಕೃತ ಮಾತನಾಡುವುದಿಲ್ಲ ಎಂಬ ಸಂಗತಿ ಇಲ್ಲಿ ಗಮನಾರ್ಹ. ಕಾಳಿದಾಸನ ‘ಅಭಿಜ್ಞಾನ ಶಾಕುಂತಲ’ದಲ್ಲಿ ದೊರೆ ದುಷ್ಯಂತನದು ಸಂಸ್ಕೃತವಾದರೆ, ಶಕುಂತಲೆ, ಸಖಿಯರು ಹಾಗೂ ವಿದೂಷಕನದು ಪ್ರಾಕೃತ. ಉಂಗುರ ಸಿಕ್ಕಿದ ಮೀನುಗಾರನದು ಪ್ರಾಕೃತದಲ್ಲಿಯೇ ಮತ್ತೊಂದು ಬಗೆ. ಅಂದರೆ ಜನರ ಆಡುನುಡಿಗೆ ಮೂಲದಲ್ಲಿಯೇ ಸ್ಥಾನವಿತ್ತು. ಈ ನಾಟಕವನ್ನು 1870ರ ಸುಮಾರಿಗೆ ಕನ್ನಡಕ್ಕೆ ತಂದ ಚುರಮರಿ ಶೇಷಗಿರಿರಾಯರು ಆ ಮರ್ಮವನ್ನು ಅರಿತಿದ್ದರು. ಸಾಮಾನ್ಯ ಪಾತ್ರಗಳ ಬಾಯಲ್ಲಿ ಅವರು ಉತ್ತರ ಕರ್ನಾಟಕದ ಆಡುಮಾತನ್ನೇ ಇರಿಸಿದರು. ಮುಂದೆ ಮೈಸೂರಿನಲ್ಲಿ ಬಸವಪ್ಪ ಶಾಸ್ತ್ರಿಗಳು ರಚಿಸಿದ ಶಾಕುಂತಲ ಪ್ರೌಢಶೈಲಿಯದಾಗಿ ಹೆಚ್ಚು ಖ್ಯಾತಿ ಪಡೆಯಿತು. ಶಾಸ್ತ್ರಿಗಳಿಗೆ ‘ಅಭಿನವ ಕಾಳಿದಾಸ’ ಎಂಬ ಬಿರುದೂ ಬಂದಿತು. ಆದರೆ ರೋಣದ ಸಂತೆಯಲ್ಲಿ ಕೇಳಿಬರುವ ಮಾತಿಗೆ ಹತ್ತಿರವಾದದ್ದು ಚುರಮರಿಯವರ ಕೃತಿಯೇ.

ರಂಗಭೂಮಿಯ ಕಡೆಯಿಂದಲೂ ಈ ಕೆಲಸ ನಡೆಯಿತು. ಮರಾಠಿ ನಾಟಕ ಮಂಡಳಿಗಳು ಈ ಭಾಗದಲ್ಲಿ ಬೀಡುಬಿಟ್ಟು ಜನರನ್ನು ಸೆಳೆಯುತ್ತಿದ್ದ 1870ರ ದಶಕದಲ್ಲಿ ಶಾಂತಕವಿ ಎಂದು ಹೆಸರಾದ ಸಕ್ಕರಿ ಬಾಳಾಚಾರ್ಯರು ಗದುಗಿನಲ್ಲಿ ಕನ್ನಡ ಮಂಡಳಿಯೊಂದನ್ನು ಕಟ್ಟಿದರು. ಗದುಗಿನ ಆರಾಧ್ಯದೈವ ವೀರನಾರಾಯಣನ ಹೆಸರನ್ನೂ ಊರಿನ ಹಳೆಯ ಹೆಸರಾದ ‘ಕೃತಪುರ’ವನ್ನೂ ಅದು ಹೊತ್ತಿತ್ತು. ‘ಉಷಾಹರಣ’ದಂತಹ ಪುರಾಣ ಕಥೆಗಳು ಹಾಡು ಹಾಗೂ ಸಂಭಾಷಣೆಗಳ ಮೂಲಕ ಓದುಬಾರದವರಿಗೂ ತಲುಪಿದವು.

ಇನ್ನು ವಿದ್ಯಾರ್ಥಿಗಳನ್ನು ಹೆಚ್ಚು ಕಾಡುವ ರನ್ನನ ವಿಚಾರ. ಘಟಪ್ರಭೆಯ ದಡದ ಮುಧೋಳದಲ್ಲಿ ಬಳೆಗಾರರ ಕುಲದಲ್ಲಿ ಹುಟ್ಟಿದ ಈ ಕವಿಗೂ ಗದಗ ಜಿಲ್ಲೆಗೂ ಆಳವಾದ ನಂಟಿದೆ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ ಅವನು ‘ಅಜಿತಪುರಾಣ’ವನ್ನು ಕ್ರಿ.ಶ. 993ರಲ್ಲಿ ಮುಗಿಸಿದನು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳೂ ಇದೇ ಅತ್ತಿಮಬ್ಬೆ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಓಲೆಗಟ್ಟುಗಳೆಂದರೆ ಎಷ್ಟು ಮಂದಿ ಲಿಪಿಕಾರರು ಎಷ್ಟು ಕಾಲ ದುಡಿದಿರಬೇಕೆಂಬುದನ್ನು ಊಹಿಸಬಹುದು.

ರನ್ನನ ‘ಗದಾಯುದ್ಧ’ಕ್ಕೆ ‘ಸಾಹಸಭೀಮ ವಿಜಯ’ ಎಂಬ ಹೆಸರೂ ಇದೆ. ಹತ್ತು ಆಶ್ವಾಸಗಳ ಈ ಚಂಪೂಕಾವ್ಯ ರೂಪದಲ್ಲಿ ಕಾವ್ಯವಾದರೂ ಗುಣದಲ್ಲಿ ನಾಟಕ. ವಿದೂಷಕನಿದ್ದಾನೆ, ಕಂಚುಕಿಯಿದ್ದಾನೆ, ಪಾತ್ರಗಳು ಮುಖಾಮುಖಿಯಾಗಿ ಮಾತನಾಡುತ್ತವೆ. ಇಡೀ ಭಾರತದ ಕಥೆಯನ್ನು ಕೊನೆಯ ಕಾಳಗದ ತುದಿಯಲ್ಲಿ ನಿಂತು ಹಿಂದಿರುಗಿ ನೋಡುವ ಸಿಂಹಾವಲೋಕನ ಕ್ರಮ ಇಲ್ಲಿಯದು. ಭಾಸನ ‘ಊರುಭಂಗ’ ಮತ್ತು ಭಟ್ಟನಾರಾಯಣನ ‘ವೇಣೀಸಂಹಾರ’ ಎಂಬ ಎರಡು ಸಂಸ್ಕೃತ ನಾಟಕಗಳ ಪ್ರಭಾವವನ್ನೂ ವಿದ್ವಾಂಸರು ಇದರಲ್ಲಿ ಗುರುತಿಸಿದ್ದಾರೆ.

ಕಾವ್ಯದೊಳಗೆ ಅಡಗಿದ್ದ ಈ ನಾಟಕವನ್ನು ಹೊರತೆಗೆದವರು ಬಿ.ಎಂ. ಶ್ರೀಕಂಠಯ್ಯನವರು. 1926ರಲ್ಲಿ ಪ್ರಕಟವಾದ ಅವರ ‘ಗದಾಯುದ್ಧ ನಾಟಕಂ’ ರನ್ನನ ಪದ್ಯಗಳನ್ನೇ ಆಯ್ದು, ವರ್ಣನೆಗಳನ್ನು ಕತ್ತರಿಸಿ, ರಂಗಕ್ಕೆ ಒಪ್ಪುವಂತೆ ಜೋಡಿಸಿದ ಕೃತಿ. ಗ್ರೀಕ್ ದುರಂತ ನಾಟಕಗಳನ್ನು ಆಳವಾಗಿ ಓದಿದ್ದ ‘ಶ್ರೀ’ಯವರ ಕಣ್ಣಿಗೆ ದುರ್ಯೋಧನ ದುರಂತ ನಾಯಕನಾಗಿ ಕಂಡನು. ಶವಗಳ ರಾಶಿಯ ನಡುವೆ ಸಂಜಯನ ಕೈಹಿಡಿದು ನಡೆಯುವ, ದ್ರೋಣ, ದುಶ್ಶಾಸನ, ಕರ್ಣರ ದೇಹಗಳ ಮುಂದೆ ನಿಂತು ಗೋಳಾಡುವ, ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಪರಾಕ್ರಮಕ್ಕೆ ತಲೆಬಾಗುವ ದೊರೆಯ ಚಿತ್ರವನ್ನು ಓದಿದವರು ಅವನನ್ನು ಬರಿಯ ಖಳನೆಂದು ಕರೆಯಲಾರರು.

ಆದರೆ ‘ಶ್ರೀ’ಯವರು ಭಾಷೆಯನ್ನು ಹೊಸದು ಮಾಡಲಿಲ್ಲ. ದಾರಿ ಹತ್ತಿರವಾಯಿತು, ಮಾತು ಹಳೆಯದಾಗಿಯೇ ಉಳಿಯಿತು. ಇಷ್ಟೇ ಅಲ್ಲ, ಸಾಫೊಕ್ಲಿಸನ ‘ಏಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ ಎಂದು ರೂಪಾಂತರಿಸುವಾಗ ಅವರು ಬೇಕೆಂದೇ ಹಳಗನ್ನಡವನ್ನು ಆರಿಸಿಕೊಂಡರು. ಹೊಸಗನ್ನಡ ಕವಿತೆಗೆ ದಾರಿ ತೋರಿದ ‘ಇಂಗ್ಲಿಷ್ ಗೀತಗಳು’ ಕೃತಿಯ ಕರ್ತೃವೇ ಹೀಗೆ ಮಾಡಿದ್ದು ಸೋಜಿಗವೆನಿಸಬಹುದು. ಪುರಾತನ ಗಾಂಭೀರ್ಯಕ್ಕೆ ಪುರಾತನ ನುಡಿಯೇ ಬೇಕೆಂಬುದು ಅವರ ನಿಲುವು.

ಹಾಗಾದರೆ ಹೊಸಗನ್ನಡದಲ್ಲಿ ಹೇಳಿದರೆ ಕಳೆದುಹೋಗುವುದೇನು? ವೈಶಂಪಾಯನ ಸರೋವರದ ಪ್ರಸಂಗವನ್ನೇ ನೋಡಬಹುದು. ನೀರಿನಡಿ ಅಡಗಿದ ದುರ್ಯೋಧನನಿಗೆ ಭೀಮನ ಗರ್ಜನೆ ಕೇಳಿಸುತ್ತದೆ. ಆ ತಂಪಿನಲ್ಲಿಯೂ ಅವನ ಮೈ ಬೆವರುತ್ತದೆ. ಈ ಸಂಗತಿಯನ್ನು ಸರಳ ಗದ್ಯದಲ್ಲಿ ಹೇಳಬಹುದು, ಮಕ್ಕಳಿಗೂ ತಿಳಿಯುತ್ತದೆ. ಆದರೆ ರನ್ನನ ಪದ್ಯದಲ್ಲಿ ಆ ಗರ್ಜನೆ ಅಕ್ಷರಗಳಲ್ಲಿಯೇ ಕೇಳಿಸುತ್ತದೆ. ಭಯಕ್ಕಿಂತ ಹೆಚ್ಚಾಗಿ ರೋಷವೇ ಆ ಬೆವರಿಗೆ ಕಾರಣವೆಂಬುದನ್ನು ಪದ್ಯದ ಓಟವೇ ತಿಳಿಸುತ್ತದೆ. ಗೈಡಿನ ಸಾರಾಂಶದಲ್ಲಿ ಬೆವರು ಮಾತ್ರ ಉಳಿದು ಗರ್ಜನೆ ಮಾಯವಾಗುತ್ತದೆ.

ಹಳಗನ್ನಡ ನಿಜಕ್ಕೂ ಎಷ್ಟು ಕಠಿಣ ಎಂಬುದನ್ನೂ ಪರಿಶೀಲಿಸಬೇಕಾಗಿದೆ. ಪದದ ಮೊದಲಲ್ಲಿ ಬರುವ ಪಕಾರ ಬಹುಪಾಲು ಇಂದು ಹಕಾರವಾಗಿದೆ ಎಂಬ ಒಂದೇ ಸೂತ್ರ ತಿಳಿದರೆ ಪಾಲ್ ಹಾಲಾಗುತ್ತದೆ, ಪೊಲ ಹೊಲವಾಗುತ್ತದೆ, ಪಗೆ ಹಗೆಯಾಗುತ್ತದೆ. ಪೊೞ್ತು ಎಂಬುದು ಹೊತ್ತು. ಹೊತ್ತಾರೆ ಎದ್ದು ಎರೆಹೊಲಕ್ಕೆ ಹೋಗುವ ರೈತನ ಬಾಯಲ್ಲಿ ಆ ಪದ ಇಂದಿಗೂ ಜೀವಂತವಾಗಿದೆ. ನಿಜವಾದ ತೊಡಕು ಇರುವುದು ಪದಗಳಲ್ಲಿ ಅಲ್ಲ, ಅವುಗಳ ಬೆಸುಗೆಯಲ್ಲಿ. ಸಂಧಿಯಾಗಿ ಒಂದಕ್ಕೊಂದು ಅಂಟಿಕೊಂಡ ನಾಲ್ಕೈದು ಪದಗಳು ಒಂದೇ ದೀರ್ಘ ಸಾಲಾಗಿ ಅಚ್ಚಾದಾಗ ಎಲ್ಲಿ ನಿಲ್ಲಬೇಕೆಂಬುದೇ ತಿಳಿಯುವುದಿಲ್ಲ.

ಈ ತೊಡಕಿಗೆ ಪರಿಹಾರ ಒದಗಿಸಿದವರಲ್ಲಿ ಡಾ. ಎಲ್. ಬಸವರಾಜು ಪ್ರಮುಖರು. ‘ಸರಳ ಪಂಪಭಾರತ’ದಲ್ಲಿ ಅವರು ಪಂಪನ ಪದಗಳನ್ನು ಬದಲಿಸದೆ, ಸಂಧಿ ಬಿಡಿಸಿ, ಸಾಲುಗಳನ್ನು ಅರ್ಥಕ್ಕೆ ತಕ್ಕಂತೆ ಒಡೆದು ಮುದ್ರಿಸಿದರು. ಛಂದಸ್ಸಿನ ಆಕಾರ ಕಣ್ಣಿಗೆ ಮರೆಯಾದರೂ ಕವಿಯ ಮಾತು ಕವಿಯದಾಗಿಯೇ ಉಳಿಯಿತು. ಡಿ.ಎಲ್. ನರಸಿಂಹಾಚಾರ್ಯರ ‘ಪಂಪಭಾರತ ದೀಪಿಕೆ’ ಪದ್ಯಪದ್ಯಕ್ಕೂ ಅರ್ಥ, ಟಿಪ್ಪಣಿ ನೀಡುವ ಮತ್ತೊಂದು ಮಾರ್ಗ ಹಿಡಿಯಿತು. ರನ್ನನ ಮಟ್ಟಿಗೆ ತೀ.ನಂ. ಶ್ರೀಕಂಠಯ್ಯನವರ ‘ಗದಾಯುದ್ಧ ಸಂಗ್ರಹಂ’ ಬಹುಕಾಲ ವಿದ್ಯಾರ್ಥಿಗಳ ಕೈಪಿಡಿಯಾಗಿತ್ತು. ಇವಾವುವೂ ಮೂಲವನ್ನು ಮುಚ್ಚಿಡುವುದಿಲ್ಲ. ಗೈಡಿಗೂ ಇವುಗಳಿಗೂ ಇರುವ ವ್ಯತ್ಯಾಸ ಇದೇ.

ಸರಳಗೊಳಿಸಿದ ಕೃತಿಯೂ ಒಂದು ದಿನ ಕಠಿಣವಾಗುತ್ತದೆ ಎಂಬುದಕ್ಕೆ ರೋಣದ ನೆಲದಲ್ಲಿಯೇ ಸಾಕ್ಷಿಯಿದೆ. ರೋಣ ತಾಲ್ಲೂಕಿನ ಸವಡಿ ಗ್ರಾಮವೇ ಹಿಂದಿನ ಸಯ್ಯಡಿ. ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ ಇಲ್ಲಿಯವನು. ಗುಣಾಢ್ಯನು ಪೈಶಾಚಿಯಲ್ಲಿ ಹೇಳಿದ ಕಥೆಗಳನ್ನು ವಸುಭಾಗಭಟ್ಟ ಸಂಸ್ಕೃತಕ್ಕೆ ತಂದನು, ಕ್ರಿ.ಶ. 1031ರ ಸುಮಾರಿಗೆ ದುರ್ಗಸಿಂಹ ಅವನ್ನು ಕನ್ನಡದ ‘ಪಂಚತಂತ್ರ’ವಾಗಿಸಿದನು. ಕನ್ನಡಿಗರಿಗೆ ತಿಳಿಯಲೆಂದು ಬರೆದ ಆ ಕೃತಿಯೇ ಇಂದು ಸವಡಿಯ ವಿದ್ಯಾರ್ಥಿಗೆ ಹೊಸಗನ್ನಡ ಅನುವಾದದ ನೆರವಿಲ್ಲದೆ ದಕ್ಕುವುದಿಲ್ಲ. ಚುರಮರಿಯವರ ಶಾಕುಂತಲಕ್ಕೂ ಈಗ ಒಂದೂವರೆ ಶತಮಾನದ ವಯಸ್ಸು.

ಹಳ್ಳಿಯ ದೊಡ್ಡಾಟ ಮಾತ್ರ ಈ ಸಮಸ್ಯೆಯನ್ನು ತನ್ನದೇ ರೀತಿಯಲ್ಲಿ ನಿಭಾಯಿಸಿಕೊಂಡು ಬಂದಿದೆ. ಕಿರೀಟ, ಭುಜಕೀರ್ತಿ ಧರಿಸಿದ ಪಾತ್ರಧಾರಿ ಗ್ರಾಂಥಿಕ ಕನ್ನಡದಲ್ಲಿ ಅಬ್ಬರಿಸುತ್ತಾನೆ. ಪಕ್ಕದಲ್ಲಿರುವ ಸಾರಥಿ ‘ತಾವ್ಯಾರು, ಎಲ್ಲಿಂದ ಬಂದ್ರಿ’ ಎಂದು ಊರಿನ ಮಾತಿನಲ್ಲಿ ಕೇಳುತ್ತಾನೆ, ನಡುನಡುವೆ ನಗಿಸುತ್ತಾನೆ. ಪ್ರೇಕ್ಷಕನಿಗೆ ಎರಡೂ ಭಾಷೆಗಳು ಒಟ್ಟಿಗೆ ದೊರೆಯುತ್ತವೆ. ತರಗತಿಯಲ್ಲಿ ‘ಗದಾಯುದ್ಧ’ದ ಒಂದು ಪ್ರಸಂಗವನ್ನು ಹೀಗೆಯೇ ಓದಿಸಲು ಹೆಚ್ಚಿನ ಖರ್ಚೇನೂ ಇಲ್ಲ: ಒಬ್ಬ ವಿದ್ಯಾರ್ಥಿ ರನ್ನನ ಪದ್ಯವನ್ನು ಗಟ್ಟಿಯಾಗಿ ಓದಬೇಕು, ಮತ್ತೊಬ್ಬ ಸಾರಥಿಯಾಗಿ ನಿಂತು ಅದರ ಅರ್ಥವನ್ನು ರೋಣದ ಮಾತಿನಲ್ಲಿ ಕೇಳಿ ಹೇಳಿಸಬೇಕು.