ಆಕಾಶಕ್ಕೊಂದು ಜಂಟಿ ನಕ್ಷೆ

ಅಮೆರಿಕದಲ್ಲಿ ಹಾರುವ ಪ್ರಯಾಣಿಕ ವಿಮಾನವೊಂದು ತಾನಿರುವ ಜಾಗವನ್ನು ಅರಿಯಲು ನೆಚ್ಚಿಕೊಂಡಿರುವ ಜಿಪಿಎಸ್ ಉಪಗ್ರಹಗಳು ರಕ್ಷಣಾ ಇಲಾಖೆಯ ಸುಪರ್ದಿಯಲ್ಲಿವೆ. ಅದರ ದಾರಿಯಲ್ಲಿ ಎದ್ದಿರುವ ಗುಡುಗುಮೋಡಗಳ ಮುನ್ಸೂಚನೆಯನ್ನು ಕೊಡುವುದು ವಾಣಿಜ್ಯ ಇಲಾಖೆಯ ಅಂಗವಾದ ನೋವಾ ಎಂಬ ಸಾಗರ ಮತ್ತು ವಾಯುಮಂಡಲ ಸಂಸ್ಥೆ. ಪ್ರಯಾಣಿಕರ ತಪಾಸಣೆ ಆಂತರಿಕ ಭದ್ರತಾ ಇಲಾಖೆಯ ಹೊಣೆ. ಸಂಚಾರ ನಿಯಂತ್ರಣ ಸಾರಿಗೆ ಇಲಾಖೆಯೊಳಗಿನ ಫೆಡರಲ್ ವಿಮಾನಯಾನ ಆಡಳಿತದ, ಅಂದರೆ ಎಫ್‌ಎಎಯ ಕೆಲಸ. ಇವುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಕಾಯ್ದೆ, ತನ್ನದೇ ಬಜೆಟ್ಟು, ತನ್ನದೇ ಕಂಪ್ಯೂಟರ್ ವ್ಯವಸ್ಥೆ ಇದೆ. ಹೀಗೆ ಬೇರೆ ಬೇರೆ ಯಜಮಾನಿಕೆಯಲ್ಲಿರುವ ಸಂಸ್ಥೆಗಳು ಒಂದೇ ಗುರಿಗಾಗಿ ದುಡಿಯಬೇಕಾದಾಗ ಯಾರು ಯಾರಿಗೆ ಏನನ್ನು ಯಾವಾಗ ಕೊಡಬೇಕೆಂಬುದನ್ನು ಮೊದಲೇ ಬರೆದಿಡುವ ಶಿಸ್ತಿಗೆ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್, ಅಂದರೆ ಇಡೀ ಸಂಸ್ಥೆಯ ರಚನಾ ವಿನ್ಯಾಸ, ಎಂದು ಹೆಸರು.

ಈ ವಿನ್ಯಾಸವು ಸಂಸ್ಥೆಯನ್ನು ಪದರ ಪದರವಾಗಿ ವಿವರಿಸುತ್ತದೆ: ಮೇಲೆ ಅದು ಮಾಡುವ ಕೆಲಸ, ಅದರ ಕೆಳಗೆ ಆ ಕೆಲಸಕ್ಕೆ ಬೇಕಾದ ಮಾಹಿತಿ, ಆನಂತರ ಆ ಮಾಹಿತಿಯನ್ನು ನಿರ್ವಹಿಸುವ ತಂತ್ರಾಂಶ, ತಳದಲ್ಲಿ ಯಂತ್ರಗಳು ಮತ್ತು ಜಾಲಗಳು. ಇಂದಿನ ಸ್ಥಿತಿ ಹೇಗಿದೆ, ಮುಂದೆ ಹೇಗಿರಬೇಕು, ಇಲ್ಲಿಂದ ಅಲ್ಲಿಗೆ ಹೋಗುವ ಮೆಟ್ಟಿಲುಗಳು ಯಾವುವು ಎಂಬ ಮೂರು ಚಿತ್ರಗಳೂ ಅದರಲ್ಲಿ ಸೇರಿರುತ್ತವೆ. ಐಬಿಎಂ ಕಂಪನಿಯ ಜಾನ್ ಝಾಕ್‌ಮನ್ 1987ರಲ್ಲಿ ಪ್ರಕಟಿಸಿದ ಲೇಖನ ಈ ಚಿಂತನೆಗೆ ತಳಹದಿಯಾಯಿತು. ಅಮೆರಿಕದ ಸಂಸತ್ತು 1996ರ ಕ್ಲಿಂಗರ್-ಕೋಹೆನ್ ಕಾಯ್ದೆಯ ಮೂಲಕ ಮಾಹಿತಿ ತಂತ್ರಜ್ಞಾನದ ಇಂಥ ವಿನ್ಯಾಸವನ್ನು ರೂಪಿಸುವ ಹೊಣೆಯನ್ನು ಇಲಾಖೆಗಳ ಮುಖ್ಯ ಮಾಹಿತಿ ಅಧಿಕಾರಿಗಳಿಗೆ ವಹಿಸಿತು. 1999ರಲ್ಲಿ ಎಲ್ಲ ಇಲಾಖೆಗಳಿಗೂ ಅನ್ವಯಿಸುವ ಸಾಮಾನ್ಯ ಚೌಕಟ್ಟೊಂದು ಹೊರಬಂದಿತು. ಆದರೆ ಒಂದೊಂದು ಇಲಾಖೆ ತನ್ನ ಮನೆಯನ್ನಷ್ಟೇ ಅಳೆದು ಬರೆದುಕೊಂಡರೆ ಜಂಟಿ ಕಾರ್ಯಕ್ಕೆ ಅದರಿಂದಾಗುವ ಪ್ರಯೋಜನ ಅಲ್ಪ. ಬೇಕಾದದ್ದು ಕಾರ್ಯವನ್ನೇ ಕೇಂದ್ರದಲ್ಲಿಟ್ಟು, ಇಲಾಖೆಗಳ ಗಡಿಗಳನ್ನು ದಾಟಿ ಸಾಗುವ ನಕ್ಷೆ.

ಅಂಥದೊಂದು ದೊಡ್ಡ ಪ್ರಯತ್ನ ನಡೆದದ್ದು ವಿಮಾನ ಸಂಚಾರ ಕ್ಷೇತ್ರದಲ್ಲಿ. 2003ರ ಡಿಸೆಂಬರ್‌ನಲ್ಲಿ ಜಾರಿಯಾದ ‘ವಿಷನ್ 100’ ಕಾಯ್ದೆಯು 2025ರ ವೇಳೆಗೆ ‘ನೆಕ್ಸ್ಟ್‌ಜೆನ್’ ಎಂಬ ಹೊಸ ಸಂಚಾರ ವ್ಯವಸ್ಥೆಯನ್ನು ಕಟ್ಟುವ ಗುರಿಯಿಟ್ಟು, ಸಾರಿಗೆ, ರಕ್ಷಣೆ, ವಾಣಿಜ್ಯ ಮತ್ತು ಆಂತರಿಕ ಭದ್ರತಾ ಇಲಾಖೆಗಳ ಜೊತೆಗೆ ಎಫ್‌ಎಎ, ನಾಸಾ ಹಾಗೂ ಶ್ವೇತಭವನದ ವಿಜ್ಞಾನ ಕಚೇರಿಗಳನ್ನು ಒಂದೆಡೆ ಕೂರಿಸುವ ಜಂಟಿ ಯೋಜನಾ ಕಚೇರಿಯನ್ನು ಸ್ಥಾಪಿಸಿತು. ಆ ಕಚೇರಿ 2007ರಲ್ಲಿ, ಹೊಸ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆಂಬ ಕಾರ್ಯಕಲ್ಪನೆಯನ್ನೂ ಅದಕ್ಕೆ ಹೊಂದುವ ರಚನಾ ವಿನ್ಯಾಸವನ್ನೂ ಪ್ರಕಟಿಸಿತು.

ಇಂಥ ವಿನ್ಯಾಸದ ಬೆಲೆ ತಿಳಿಯಬೇಕಾದರೆ ಅದರ ಒಂದು ಎಳೆಯನ್ನು ಹಿಡಿದು ನೋಡಬೇಕು. ಹವಾಮಾನ ತಜ್ಞರ ಗಮನವೆಲ್ಲ ಮಳೆ, ಗಾಳಿ, ಮೋಡದ ಎತ್ತರಗಳ ಮೇಲೆ. ಸಂಚಾರ ನಿಯಂತ್ರಕರಿಗೆ ಬೇಕಾದದ್ದಾದರೋ ಮುಂದಿನ ಎರಡು ಗಂಟೆಗಳಲ್ಲಿ ಈ ವಾಯುಮಾರ್ಗದಲ್ಲಿ ಎಷ್ಟು ವಿಮಾನಗಳನ್ನು ಕಳಿಸಬಹುದೆಂಬ ಉತ್ತರ. ಈ ಅಂತರವನ್ನು ತುಂಬಲು ಅಕ್ಷಾಂಶ, ರೇಖಾಂಶ, ಎತ್ತರ, ಕಾಲ ಎಂಬ ನಾಲ್ಕು ಆಯಾಮಗಳಲ್ಲಿ ಹವಾಮಾನದ ದತ್ತಾಂಶವನ್ನು ಜೋಡಿಸಿ, ಎಲ್ಲ ಸಂಸ್ಥೆಗಳೂ ಒಂದೇ ಮೂಲದಿಂದ ಪಡೆಯುವಂತೆ ಮಾಡುವ ಯೋಜನೆ ರೂಪುಗೊಂಡಿತು. ದತ್ತಾಂಶವನ್ನು ಸಿದ್ಧಪಡಿಸುವ ಮುಖ್ಯ ಹೊಣೆ ನೋವಾದ್ದು, ಅದನ್ನು ನಿಯಂತ್ರಕರ ನಿರ್ಧಾರಕ್ಕೆ ಒದಗುವಂತೆ ಬಳಸುವ ತಂತ್ರಾಂಶ ಎಫ್‌ಎಎಯದ್ದು. ನೋವಾದ ಕೆಲಸ ಒಂದು ವರ್ಷ ತಡವಾದರೆ ಎಫ್‌ಎಎ ಹಣ ಸುರಿದು ಮಾಡಿಸಿದ ತಂತ್ರಾಂಶ ಅಷ್ಟು ಕಾಲ ದತ್ತಾಂಶವಿಲ್ಲದೆ ಕುಳಿತಿರುತ್ತದೆ. ಎರಡು ಇಲಾಖೆಗಳ ಕಡತಗಳನ್ನು ಪ್ರತ್ಯೇಕವಾಗಿ ಓದಿದವರಿಗೆ ಈ ಅಪಾಯ ಕಾಣುವುದಿಲ್ಲ. ಎರಡೂ ಸೇರಿದ ನಕ್ಷೆಯಲ್ಲಿ ಅದು ಎದ್ದು ಕಾಣುತ್ತದೆ.

ವಿಮಾನಗಳ ಮೇಲಿನ ನಿಗಾ ಇನ್ನೂ ತೀಕ್ಷ್ಣವಾದ ಉದಾಹರಣೆ. ದೂರಗಾಮಿ ರೇಡಾರ್‌ ಒಂದು ಸುತ್ತು ಮುಗಿಸಲು ಸುಮಾರು 12 ಸೆಕೆಂಡು ಹಿಡಿಯುತ್ತದೆ; ವಿಮಾನವೇ ಜಿಪಿಎಸ್‌ನಿಂದ ತನ್ನ ಸ್ಥಾನವನ್ನು ಕಂಡುಕೊಂಡು ಸೆಕೆಂಡಿಗೊಮ್ಮೆ ಸುತ್ತಲೂ ಪ್ರಸಾರ ಮಾಡುವ ಎಡಿಎಸ್-ಬಿ ವ್ಯವಸ್ಥೆ ಅದಕ್ಕಿಂತ ಎಷ್ಟೋ ಚುರುಕು. ಸಂಚಾರ ನಿಯಂತ್ರಣದ ದೃಷ್ಟಿಯಿಂದ ಮಾತ್ರ ಲೆಕ್ಕ ಹಾಕಿದರೆ ಹಳೆಯ ರೇಡಾರ್‌ಗಳನ್ನು ತೆಗೆದುಹಾಕುವುದೇ ಮಿತವ್ಯಯ. ಆದರೆ ಎಡಿಎಸ್-ಬಿ ಮಾತಾಡುವ ವಿಮಾನವನ್ನಷ್ಟೇ ಗುರುತಿಸುತ್ತದೆ. ಮಾತಾಡಲು ಒಲ್ಲದ ವಿಮಾನವನ್ನು ಕಾಣುವುದು ಅಲೆಗಳನ್ನು ಕಳಿಸಿ ಪ್ರತಿಫಲನವನ್ನು ಹಿಡಿಯುವ ಪ್ರಾಥಮಿಕ ರೇಡಾರ್ ಮಾತ್ರ. 2001ರ ಸೆಪ್ಟೆಂಬರ್ 11ರಂದು ಅಪಹೃತವಾದ ನಾಲ್ಕು ವಿಮಾನಗಳ ಪೈಕಿ ಮೂರರಲ್ಲಿ, ಗುರುತು ಹೇಳುವ ಟ್ರಾನ್ಸ್‌ಪಾಂಡರ್‌ಗಳನ್ನು ಆರಿಸಲಾಗಿತ್ತು. ಆದ್ದರಿಂದ ನಾಗರಿಕ ವಿಮಾನಯಾನಕ್ಕೆ ಹೊರೆಯಾಗಿ ತೋರುವ ರೇಡಾರ್ ರಕ್ಷಣೆಗೂ ಭದ್ರತೆಗೂ ಕಣ್ಣಾಗಿದೆ. ಯಾವ ಸಾಧನವನ್ನು ಯಾರು ಯಾವ ಕೆಲಸಕ್ಕೆ ನೆಚ್ಚಿಕೊಂಡಿದ್ದಾರೆಂಬ ದಾಖಲೆ ಇಲ್ಲದಿದ್ದರೆ, ಒಬ್ಬರು ಪ್ರಾಮಾಣಿಕವಾಗಿ ಮಾಡುವ ಉಳಿತಾಯ ಇನ್ನೊಬ್ಬರನ್ನು ಕುರುಡಾಗಿಸಬಲ್ಲದು. ಜಂಟಿ ವಿನ್ಯಾಸದ ಪರವಾಗಿ ಇದಕ್ಕಿಂತ ಬಲವಾದ ವಾದ ಬೇಕಿಲ್ಲ.

ಇಷ್ಟಾದರೂ ಜಂಟಿ ಯೋಜನಾ ಕಚೇರಿ ಬಾಳಲಿಲ್ಲ. ಅದು ಯೋಜಿಸಬಹುದಿತ್ತು, ಸಮನ್ವಯಗೊಳಿಸಬಹುದಿತ್ತು. ಪಾಲುದಾರ ಇಲಾಖೆಗಳ ಸಿಬ್ಬಂದಿಯ ಮೇಲಾಗಲಿ ಹಣದ ಮೇಲಾಗಲಿ ಅದಕ್ಕೆ ಹಿಡಿತವಿರಲಿಲ್ಲ. ಸಂಸತ್ತಿನ ಪರವಾಗಿ ಸರ್ಕಾರದ ಕೆಲಸವನ್ನು ಪರಿಶೀಲಿಸುವ ಜಿಎಒ ಸಂಸ್ಥೆ ಈ ಕೊರತೆಯನ್ನು ಆರಂಭದ ವರ್ಷಗಳಲ್ಲಿಯೇ ಎತ್ತಿ ತೋರಿಸಿತ್ತು. 2008ರಲ್ಲಿ, ಎಫ್‌ಎಎಯೊಳಗೇ ಇದ್ದ ಈ ಕಚೇರಿಯನ್ನು ಅದರ ಆಡಳಿತ ಶ್ರೇಣಿಯಲ್ಲಿ ಇನ್ನೂ ಕೆಳಕ್ಕೆ ಇಳಿಸಲಾಯಿತು; 2014ರ ಬಜೆಟ್ಟಿನಲ್ಲಿ ಸಂಸತ್ತು ಅದರ ಅನುದಾನವನ್ನೇ ನಿಲ್ಲಿಸಿತು. ಎಡಿಎಸ್-ಬಿ ಮಾತ್ರ ಗುರಿ ಮುಟ್ಟಿತೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು: ಎಫ್‌ಎಎ 2010ರಲ್ಲಿ ತನ್ನದೇ ಅಧಿಕಾರದಿಂದ ನಿಯಮ ಹೊರಡಿಸಿತು, ನಿಯಂತ್ರಿತ ವಾಯುಪ್ರದೇಶದ ಬಹುಭಾಗದಲ್ಲಿ 2020ರ ಜನವರಿ 1ರಿಂದ ಆ ಉಪಕರಣ ಕಡ್ಡಾಯವಾಯಿತು. ಒಂದೇ ಸಂಸ್ಥೆಯ ಅಧಿಕಾರ ಮತ್ತು ಹಣ ಬೆನ್ನಿಗಿದ್ದ ಕೆಲಸ ಮುಂದೆ ಸಾಗಿತು. ಹಲವರ ಒಪ್ಪಿಗೆಯನ್ನೇ ನಂಬಿದ್ದ ಕಚೇರಿ ಮುಚ್ಚಿತು.

ಹಲವು ಸಂಸ್ಥೆಗಳ ಜಂಟಿ ಕೆಲಸವನ್ನು ಹೊಂದಿಸುವ ಪ್ರಶ್ನೆ ಭಾರತದಲ್ಲಿಯೂ ಎದುರಾಗಿದೆ. ಜಿಪಿಎಸ್ ಸಂಕೇತಗಳನ್ನು ತಿದ್ದಿ ವಿಮಾನಗಳಿಗೆ ನಿಖರ ಸ್ಥಾನವನ್ನು ಒದಗಿಸುವ, ಬೆಂಗಳೂರಿನಲ್ಲಿ ನಿಯಂತ್ರಣ ಕೇಂದ್ರವನ್ನು ಹೊಂದಿರುವ ಗಗನ್ ವ್ಯವಸ್ಥೆಯನ್ನು ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಕೂಡಿ ಕಟ್ಟಿದವು. ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು ಸರ್ಕಾರಿ ಸಂಸ್ಥೆಗಳಿಗಾಗಿ ‘ಇಂಡ್‌ಇಎ’ ಎಂಬ ಹ್ರಸ್ವನಾಮದ ವಿನ್ಯಾಸ ಚೌಕಟ್ಟನ್ನು 2018ರಲ್ಲಿ ಹೊರತಂದಿದೆ. ಮೂಲಸೌಕರ್ಯಗಳ ಯೋಜನೆಯಲ್ಲಿ ಹಲವು ಸಚಿವಾಲಯಗಳನ್ನು ಒಂದೇ ಭೂಪಟದ ಮೇಲೆ ತರುವ ಪಿಎಂ ಗತಿಶಕ್ತಿ 2021ರ ಅಕ್ಟೋಬರ್‌ನಲ್ಲಿ ಆರಂಭವಾಗಿದೆ. ಇಂಥ ನಕ್ಷೆಗಳನ್ನು ಬರೆಯುವವರು, ಇಲಾಖೆಯಿಂದ ಇಲಾಖೆಗೆ ಎಳೆದ ಪ್ರತಿಯೊಂದು ಗೆರೆಯ ಪಕ್ಕದಲ್ಲಿ ಕೊಡಬೇಕಾದವರು ಯಾರು, ಯಾವ ದಿನಾಂಕದೊಳಗೆ, ಯಾವ ಲೆಕ್ಕಶೀರ್ಷಿಕೆಯ ಹಣದಿಂದ ಎಂಬ ಮೂರು ವಿವರಗಳನ್ನು ತಪ್ಪದೆ ನಮೂದಿಸಬೇಕು. ಬಜೆಟ್ ಮಂಜೂರು ಮಾಡುವವರು ಆ ನಕ್ಷೆಯನ್ನು ಮುಂದಿಟ್ಟುಕೊಂಡೇ ಮಂಜೂರು ಮಾಡಬೇಕು.