31 ದಿನ ದಾಟಿದರೆ?

ಪ್ರಶ್ನೆ: ಲಂಡನ್ನಿನಲ್ಲಿದ್ದೇನೆ. ಬ್ಯಾಂಕ್ ಖಾತೆಯ ಜೊತೆಗೇ ಪ್ರಯಾಣ ವಿಮೆ ಇದೆ. ಆರು ವಾರ ಧಾರವಾಡಕ್ಕೆ ಬರಲು ಮತ್ತೆ ಹಣ ಕಟ್ಟಬೇಕಂತೆ, ಏಕೆ?

ಉತ್ತರ: ಇಂಥ ಖಾತೆಗಳ ವಿಮೆಗೆ ಪ್ರತಿ ಪ್ರವಾಸಕ್ಕೂ ದಿನಗಳ ಮಿತಿಯಿದೆ. ಉದಾಹರಣೆಗೆ, ಬ್ರಿಟನ್ನಿನ ಹಣಕಾಸು ಸಂಸ್ಥೆ ನೇಷನ್‌ವೈಡ್‌ನ ಫ್ಲೆಕ್ಸ್‌ಪ್ಲಸ್ ಖಾತೆಯಲ್ಲಿ ಅದು 31 ದಿನ; ತಿಂಗಳ ಶುಲ್ಕ 2024ರ ಡಿಸೆಂಬರಿನಲ್ಲಿ 13 ಪೌಂಡಿನಿಂದ 18ಕ್ಕೇರಿತು. ಬಹುತೇಕರ ರಜೆ ಒಂದೆರಡು ವಾರದ್ದು. ಆ ಅಂದಾಜಿನ ಮೇಲೆ ನಿಂತ ಶುಲ್ಕ, ಎಲ್ಲರಿಗೂ ಒಂದೇ. ಹೆಚ್ಚು ದಿನ ಇದ್ದಷ್ಟೂ ಕಾಯಿಲೆ, ಅಪಘಾತದ ಸಂಭವ ಹೆಚ್ಚು. ಆ ಹೆಚ್ಚುವರಿ ಅಪಾಯದ ಬೆಲೆಯನ್ನೇ ನಿಮ್ಮಿಂದ ಕೇಳುವುದು. ವಯಸ್ಸು 70 ದಾಟಿದವರಿಗೆ, ಮೊದಲೇ ಕಾಯಿಲೆ ಇರುವವರಿಗೆ ಬೇರೆ ಮೊತ್ತವೂ ಸೇರಬಹುದು.

ನಿಜವಾದ ಆತಂಕ ಬೇರೆಯೇ ಇದೆ. ಹಣ ಕಟ್ಟಿ ವಿಮೆಯ ಅವಧಿ ವಿಸ್ತರಿಸದೆ ಹೊರಟರೆ ಕೊನೆಯ ಹನ್ನೊಂದು ದಿನಕ್ಕಷ್ಟೇ ರಕ್ಷಣೆ ಇರದು ಎಂದು ಹಲವರು ನಂಬಿದ್ದಾರೆ. ಆದರೆ ಕೆಲವು ಪಾಲಿಸಿಗಳಲ್ಲಿ ಮೊದಲ ದಿನದಿಂದಲೇ ರಕ್ಷಣೆ ಇರುವುದಿಲ್ಲ! ಆದ್ದರಿಂದ ವಿಮಾನ ಹತ್ತುವ ಮೊದಲೇ ಪಾಲಿಸಿಯ ಷರತ್ತು ಓದಿ, ವಿಸ್ತರಣೆಯನ್ನು ಬರಹದಲ್ಲಿ ಪಡೆಯಿರಿ. ಒಂದೇ ಪ್ರವಾಸಕ್ಕೆಂದು ಸಿಗುವ ಪ್ರತ್ಯೇಕ ವಿಮೆಯ ದರವನ್ನೂ ಕೇಳಿ ನೋಡಿ. ಕೆಲವೊಮ್ಮೆ ಅದೇ ಅಗ್ಗ. ಆದರೆ ಆಸ್ಪತ್ರೆ ವೆಚ್ಚದ ಮಿತಿಯನ್ನು ಹೋಲಿಸದೆ ಬರೀ ದರ ನೋಡಿ ಕೊಳ್ಳಬೇಡಿ.